ಲ್ಯಾಪ್‌ಟಾಪಿನೊಳಗೆ ಸಿಕ್ಕಿಬಿದ್ದ ಕೊನೆಯ ದೃಶ್ಯ

ಮನೆಯಲ್ಲಿ ಯಾವ ವಸ್ತು ಕೆಟ್ಟರೂ ಅದು ತನ್ನ ಪಾಡಿಗೆ ತಾನು ಕೆಟ್ಟಿದೆ ಎಂದು ನನಗೆ ಅನ್ನಿಸುವುದೇ ಇಲ್ಲ. ನನ್ನ ಮೇಲಿನ ಹಗೆಗೇ ಕೆಟ್ಟಿದೆ ಅನ್ನಿಸುತ್ತದೆ. ಮಿಕ್ಸಿ ನಿಂತರೆ ನೆಂಟರು ಬರುವ ದಿನವೇ ನಿಲ್ಲುತ್ತದೆ. ಗೀಸರ್ ಕೈಕೊಟ್ಟರೆ ನಾನು ತಲೆತುಂಬ ಎಣ್ಣೆ ಹಚ್ಚಿಕೊಂಡು ಕೂತ ಮೇಲೆಯೇ ಕೈಕೊಡುತ್ತದೆ. ಆದ್ದರಿಂದ ರಿಪೇರಿಯವರನ್ನು ಕರೆಯುವ ಮೊದಲು ನಾನೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಅದರೆದುರು ನಿಲ್ಲುತ್ತೇನೆ. ನೀನೋ ನಾನೋ, ನೋಡೇಬಿಡೋಣ ಅನ್ನುವುದು ನನ್ನ ಹುಟ್ಟುಗುಣ. ಚಂದ್ರಾ ಲೇಔಟಿನ ಈ ಮನೆಗೆ ಬಂದ ಹೊಸತರಲ್ಲಿ ಬಚ್ಚಲಿನ ಒಂದು ನಲ್ಲಿ ಸೋರುತ್ತಿತ್ತು. ಇಡೀ ಬೆಳಗ್ಗೆ ಅದರ ಜೊತೆ ಗುದ್ದಾಡಿ, ಸೀರೆಯೆಲ್ಲ ತೊಯ್ಸಿಕೊಂಡು, ಕೊನೆಗೆ ಅದು ಒಂದು ಹನಿಯೂ ಸೋರದ ಹಾಗೆ ಮಾಡಿದೆ. ಅಂದಿನಿಂದ ಅದನ್ನು ತಿರುಗಿಸಿದರೂ ನೀರು ಬರುವುದಿಲ್ಲ, ಆ ಮಾತು ಬೇರೆ. ನಮ್ಮ ಯಜಮಾನರು ಒಂದು ವಾರ ಬಿಟ್ಟು ಅದರ ಪಕ್ಕದಲ್ಲೇ ಇನ್ನೊಂದು ನಲ್ಲಿ ಹಾಕಿಸಿಕೊಂಡರು. ಅವರ ಸ್ವಭಾವವೇ ಅಂಥದು, ಏನು ಮಾಡಿದರೂ ಸದ್ದಿಲ್ಲದೆ ಮಾಡುತ್ತಾರೆ.

ಈ ಸಲ ನನ್ನೆದುರು ತೊಡೆ ತಟ್ಟಿ ನಿಂತದ್ದು ಲ್ಯಾಪ್‌ಟಾಪು. ಆಯುಧಪೂಜೆ ಮುಗಿದ ಮಾರನೆಯ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಅದರ ಗುಂಡಿ ಒತ್ತಿದೆ. ಒತ್ತಿದ್ದಷ್ಟೇ ಬಂತು. ದೀಪವಿಲ್ಲ, ಸದ್ದಿಲ್ಲ, ಕಪ್ಪು ಪರದೆಯಲ್ಲಿ ಕಂಡದ್ದು ನನ್ನದೇ ಗಂಟುಮುಖ. ಬೇರೆ ದಿನವಾಗಿದ್ದರೆ ನಾಳೆ ನೋಡಿಕೊಂಡರಾಯಿತು ಅನ್ನುತ್ತಿದ್ದೆನೋ ಏನೋ. ಆದರೆ ಅದರ ಹೊಟ್ಟೆಯಲ್ಲಿ ನನ್ನ ನಾಟಕವಿತ್ತು.

ನಾಟಕದ ವಿಷಯ ಹೇಳಲೇಬೇಕು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಿ ಮನೆಯಲ್ಲಿ ಕೂತವಳು ನಾನು. ಬೇರೆಯವರು ಬರೆದ ನಾಟಕಗಳಿಗೆ ಸಾರಾಂಶ ಬರೆಸಿ ಬರೆಸಿ ಬೇಸತ್ತಿದ್ದೆ. ನಮ್ಮ ಲೇಔಟಿನ ಸಂಘದಲ್ಲಿ ಪ್ರತಿವರ್ಷ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ನಡೆಯುತ್ತದೆ. ಸಂಘದ ಕಾರ್ಯದರ್ಶಿ ಕೃಷ್ಣೇಗೌಡರು, ಆರ್ಕೆಸ್ಟ್ರಾ ಅವರ ಅಕ್ಕನ ಮಗನದು. ಈ ಲೇಔಟು ಹುಟ್ಟುವ ಮೊದಲು ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದವರು ಗೌಡರು, ಅವರ ಮಾತಿಗೆ ಎದುರಾಡುವವರು ಕಡಿಮೆ. ಈ ಸಲ ಸಭೆಯಲ್ಲಿ ನಾನು ಎದ್ದುನಿಂತು, “ಆರ್ಕೆಸ್ಟ್ರಾ ಸಾಕು, ನಾಟಕ ಆಡೋಣ, ನಾನೇ ಬರೀತೀನಿ” ಅಂದುಬಿಟ್ಟೆ. ಗೌಡರ ಮುಖ ಹುಳ್ಳಗಾಯಿತು. “ಮುಖ್ಯ ಪಾತ್ರ ನಿಮ್ಮದೇ ಗೌಡ್ರೇ” ಅಂದ ಮೇಲೆ ಸ್ವಲ್ಪ ಅರಳಿತು.

ಕಥೆ ಸರಳ. ರಾಮಣ್ಣ, ಸೋಮಣ್ಣ ಎಂಬ ಇಬ್ಬರು ಅಕ್ಕಪಕ್ಕದ ಮನೆಯವರು. ರಾಮಣ್ಣನ ತೆಂಗಿನಮರ ಕಾಂಪೌಂಡಿನಾಚೆ ವಾಲಿಕೊಂಡು ಕಾಯಿಯನ್ನೆಲ್ಲ ಸೋಮಣ್ಣನ ಅಂಗಳಕ್ಕೆ ಉದುರಿಸುತ್ತದೆ. ಮೂರು ದೃಶ್ಯದ ತುಂಬ ಜಗಳವೋ ಜಗಳ, ಕೊನೆಗೆ ಮರವನ್ನೇ ಕಡಿಸುವುದೆಂದು ತೀರ್ಮಾನವಾಗುತ್ತದೆ. ಈ ಮೂರು ದೃಶ್ಯಗಳನ್ನು ಪ್ರಿಂಟು ತೆಗೆಸಿ ಹಂಚಿಯಾಗಿತ್ತು. ರಾಮಣ್ಣನ ಪಾತ್ರದ ಗೌಡರು ಎಲ್ಲವನ್ನೂ ಬಾಯಿಪಾಠ ಮಾಡಿ, ಹಾಲಿನ ಬೂತಿನಲ್ಲಿ ನಿಂತವರಿಗೂ ಒಪ್ಪಿಸುತ್ತಿದ್ದರು. ಉಳಿದದ್ದು ಕೊನೆಯ ದೃಶ್ಯ. ಅದನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. “ಅದು ಹಬ್ಬ ಆದ್ಮೇಲೆ. ಅದನ್ನ ಓದಿದ ಮೇಲೆ ನೀವು ಯಾರೂ ಸುಮ್ಮನೆ ಮನೆಗೆ ಹೋಗಲ್ಲ, ಕಣ್ಣೊರೆಸ್ಕೊಂಡೇ ಹೋಗ್ತೀರಿ” ಎಂದು ಹೇಳಿಟ್ಟಿದ್ದೆ. ಭಾನುವಾರ ಸಂಜೆ ಗೌಡರ ಕಾರ್ ಶೆಡ್ಡಿನಲ್ಲಿ ಎಲ್ಲರೂ ಸೇರಿ ಆ ದೃಶ್ಯದ ಅಭ್ಯಾಸ ಮಾಡುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಲ್ಯಾಪ್‌ಟಾಪು ಕಣ್ಣುಮುಚ್ಚಿತು.

“ಆಫ್ ಮಾಡಿ ಆನ್ ಮಾಡು ಗಿರಿಜಾ” ಎಂದರು ಯಜಮಾನರು, ಪೇಪರಿನಿಂದ ತಲೆಯೆತ್ತದೆ. ಅವರ ಪ್ರಕಾರ ಲೋಕದ ಎಲ್ಲ ರೋಗಕ್ಕೂ ಇದೊಂದೇ ಮದ್ದು. ಆನ್ ಆಗದೆ ಇರುವುದನ್ನು ಆಫ್ ಮಾಡುವುದು ಹೇಗೆ ಎಂದು ಕೇಳಿದೆ. ಅವರು ಪೇಪರಿನ ಪುಟ ಮಗುಚಿ, “ಹಾಗಾದ್ರೆ ನೆನಪಿಂದ ಬರ್ದುಬಿಡು” ಅಂದರು. ಎಂಥ ಮಾತು. ಬೆಳಗಿನ ಉಪ್ಪಿಟ್ಟು ಚೆಲ್ಲಿಹೋದರೆ ಇನ್ನೊಂದು ಒಗ್ಗರಣೆ ಹಾಕಬಹುದು. ಬರೆದದ್ದು ಹಾಗಲ್ಲ ಎಂದು ಅವರಿಗೆ ದೊಡ್ಡ ಪಾಠವನ್ನೇ ಮಾಡಿದೆ. ನಾಲ್ಕು ಪುಟ, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ, ಮತ್ತೆ ಕೂತರೆ ಅದರ ಅರ್ಧವೂ ಬರುವುದಿಲ್ಲ ಅಂದೆ. ಅವರು “ಸರಿ” ಎಂದು ಮತ್ತೆ ಪೇಪರಿಗೆ ಇಳಿದರು.

ಯಾರು ಮಾಡಿದ್ದು ಇದು ಎಂದು ಯೋಚಿಸುತ್ತಾ ಕೂತೆ. ಯಂತ್ರ ಕೆಟ್ಟಾಗ ನಾನು ಮೊದಲು ಹುಡುಕುವುದು ತಪ್ಪನ್ನಲ್ಲ, ತಪ್ಪು ಮಾಡಿದವರನ್ನು. ಹಿಂದಿನ ದಿನ ಆಯುಧಪೂಜೆ ನಡೆದದ್ದು ಕಣ್ಣಮುಂದೆ ಬಂತು. ನಮ್ಮ ಮನೆಯಲ್ಲಿ ಪೂಜೆಯ ಮುಖ್ಯಸ್ಥೆ ಅತ್ತೆ. ಹಿರಿಯೂರಿನ ಕಡೆಯವರು, ಎಂಬತ್ತು ದಾಟಿದ್ದರೂ ದನಿ ಮಾತ್ರ ಖಣಖಣ. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಹೊಲಿಗೆ ಯಂತ್ರ ಎಲ್ಲವನ್ನೂ ಸಾಲಾಗಿ ಕೂರಿಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಚೆಂಡುಹೂವಿಟ್ಟು, ತಂಬಿಗೆಯಿಂದ ಹೂವಿನಲ್ಲಿ ನೀರು ಅದ್ದಿ ಅದ್ದಿ ಎಲ್ಲದರ ಮೇಲೂ ಚಿಮುಕಿಸಿದ್ದರು. ಲ್ಯಾಪ್‌ಟಾಪಿನ ಮೇಲೂ. ಸಿಕ್ಕಿಬಿದ್ದರಲ್ಲ ಅಂದುಕೊಂಡು ಸೀದಾ ಅವರ ಕೋಣೆಗೆ ಹೋಗಿ, “ಅತ್ತೆ, ಅದಕ್ಕೆ ಯಾಕೆ ನೀರು ಹಾಕಿದ್ರಿ?” ಎಂದು ಕೇಳಿದೆ.

ಅತ್ತೆ ಒಂದು ಚೂರೂ ಅಲುಗಾಡಲಿಲ್ಲ. “ನಿನ್ ಮಿಕ್ಸಿಗೂ ಅದೇ ನೀರು, ಸ್ಕೂಟ್ರಿಗೂ ಅದೇ ನೀರು. ಅವೆಲ್ಲ ನೆಟ್ಟಗೆ ಓಡ್ತಾ ಇಲ್ವೇನೆ? ಪೂಜೆ ಮಾಡಿಸ್ಕೊಂಡೂ ಓಡಲ್ಲ ಅಂದ್ರೆ ಅದ್ರ ಭಕ್ತಿ ಎಷ್ಟಿದೆ ನೋಡ್ಕೋ” ಅಂದರು. ವಾದದಲ್ಲಿ ಹುರುಳಿತ್ತು. ಆದರೂ ಅವರ ಮನಸ್ಸಿಗೆ ಪಿಚ್ಚೆನ್ನಿಸಿರಬೇಕು, ಒಂದು ಗಳಿಗೆ ಬಿಟ್ಟು ತಾವೇ ಉಪಾಯ ಹೇಳಿದರು. ಹಿಂದೊಮ್ಮೆ ಯಜಮಾನರ ಫೋನು ಬಕೆಟ್ಟಿಗೆ ಬಿದ್ದಾಗ ಅಕ್ಕಿಯಲ್ಲಿ ಹೂತಿಟ್ಟು ಬದುಕಿಸಿಕೊಂಡಿದ್ದೆವು. ಹಾಗೇ ಇದನ್ನೂ ಹೂತಿಡು ಅಂದರು.

ಲ್ಯಾಪ್‌ಟಾಪು ಫೋನಲ್ಲ. ಅಕ್ಕಿ ಡ್ರಮ್ಮಿನೊಳಗೆ ಅದು ಅಡ್ಡಕ್ಕೂ ಹೋಗಲಿಲ್ಲ, ಉದ್ದಕ್ಕೂ ಹೋಗಲಿಲ್ಲ. ಕೊನೆಗೆ ನೆಟ್ಟಗೆ ನಿಲ್ಲಿಸಿ, ಅರ್ಧ ಹೂತು, ಉಳಿದರ್ಧದ ಮೇಲೆ ಸೇರಿನಿಂದ ಅಕ್ಕಿ ಸುರಿದು, ಮುಚ್ಚಳ ಕೂರದೆ ಮೇಲೆ ಒಂದು ಟವೆಲ್ಲು ಹೊದೆಸಿದೆ. ಎರಡು ದಿನ ನಮ್ಮನೆಯಲ್ಲಿ ಅನ್ನಕ್ಕೆ ಅಕ್ಕಿ ತೆಗೆಯುವುದೆಂದರೆ ಮಲಗಿರುವ ರೋಗಿಯ ಹಾಸಿಗೆಯಿಂದ ಹತ್ತಿ ಕಿತ್ತ ಹಾಗೆ. ಮೂರನೆಯ ದಿನ ತೆಗೆದು, ಒರೆಸಿ, ಚಾರ್ಜರು ಚುಚ್ಚಿ, ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಎತ್ತಿ ಅಲುಗಾಡಿಸಿದರೆ ಒಳಗೆ ಗಲಗಲ ಅಂದಿತು. ಮೊದಲು ಕೆಟ್ಟಿತ್ತು, ಈಗ ಕೆಟ್ಟು ಅಕ್ಕಿಯನ್ನೂ ತಿಂದಿತ್ತು. ಊಟಕ್ಕೆ ಕೂತಾಗ ಯಜಮಾನರು ಅನ್ನವನ್ನು ಒಮ್ಮೆ ಮೂಸಿ, ನನ್ನನ್ನು ನೋಡಿ, ಸುಮ್ಮನೆ ಸಾರು ಬಡಿಸಿಕೊಂಡರು.

ಇನ್ನು ತಡೆಯಲಾಗದೆ ಶನಿವಾರ ವಿಜಯನಗರದ ಒಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯಾತ ನನ್ನ ಮಗನ ವಯಸ್ಸಿನವನು, ಕಿವಿಗೆ ಫೋನು ಒತ್ತಿಕೊಂಡೇ ಲ್ಯಾಪ್‌ಟಾಪು ತಿರುವಿ ನೋಡಿದ. ಅವನ ಟೇಬಲ್ಲು, ಸ್ಕ್ರೂಡ್ರೈವರು, ಗೋಡೆಯ ಮೀಟರು ಎಲ್ಲದಕ್ಕೂ ವಿಭೂತಿ ಕುಂಕುಮ ಮೆತ್ತಿತ್ತು. “ಹಬ್ಬದ ಕುಂಕುಮ, ಇದನ್ನ ಒರೆಸಬೇಕಾ?” ಎಂದು ನಾನು ನನ್ನ ಲ್ಯಾಪ್‌ಟಾಪಿನ ಮೈತುಂಬ ಇದ್ದ ಬೊಟ್ಟುಗಳನ್ನು ತೋರಿಸಿದೆ. “ಬೇಡ ಆಂಟಿ, ಇರ್ಲಿ, ದೇವ್ರದ್ದು. ತಾನಾಗೇ ಹೋಗ್ಬೇಕು” ಅಂದ. ನಮ್ಮ ಅತ್ತೆಯದೂ ಅದೇ ಶಾಸ್ತ್ರ. ಪೂಜೆಯ ಕುಂಕುಮವನ್ನು ಬೇಕೆಂದು ಒರೆಸುವ ಹಾಗಿಲ್ಲ, ನಮ್ಮ ಸ್ಕೂಟರಿನ ಬೊಟ್ಟು ಮುಂದಿನ ಯುಗಾದಿಯವರೆಗೂ ಇರುತ್ತದೆ. ಅಲ್ಲಿಗೆ ಕುಂಕುಮದ ಮಾತು ಮುಗಿಯಿತು.

ಅವನು ತನ್ನ ಚಾರ್ಜರು ಚುಚ್ಚಿ, ಕಿತ್ತು, ಮತ್ತೆ ಒತ್ತಿ ಚುಚ್ಚಿ, “ಬ್ಯಾಟ್ರಿ ಪೂರ್ತಿ ಹೋಗಿದೆ ಆಂಟಿ, ಇದು ಇನ್ಮೇಲೆ ಚಾರ್ಜರ್ ಮೇಲೇ ಓಡ್ಬೇಕು. ಆದ್ರೆ ಚಾರ್ಜರಿಂದ್ಲೂ ಕರೆಂಟ್ ತಗೋತಿಲ್ಲ. ಮದರ್‌ಬೋರ್ಡ್ ಹೋಗಿರತ್ತೆ. ಬಿಟ್ಟೋಗಿ, ಬೋರ್ಡ್ ಚೇಂಜ್ ಮಾಡಿ ಎಲ್ಲಾ ಹೊಸದಾಗಿ ಹಾಕ್ಕೊಡ್ತೀನಿ” ಅಂದ.

“ಒಳಗೆ ಇರೋದು?”

“ಡೇಟಾಗೆಲ್ಲ ಗ್ಯಾರಂಟಿ ಇಲ್ಲ ಆಂಟಿ. ಉಳಿದ್ರೆ ಉಳೀತು.”

ಲ್ಯಾಪ್‌ಟಾಪನ್ನು ನನ್ನ ಕಡೆಗೆ ಎಳೆದುಕೊಂಡೆ. ಈ ವಯಸ್ಸಿನಲ್ಲಿ ನಾನು ನನ್ನದೇ ಅಂತ ಬರೆದದ್ದು ಇದೊಂದೇ. “ಅದರಲ್ಲಿ ಒಂದು ದೃಶ್ಯ ಇದೆ ಕಣಪ್ಪಾ. ಒಬ್ಬ ಮನುಷ್ಯ ಮರದ ಕೆಳಗೆ ಒಬ್ಬನೇ ನಿಂತಿರ್ತಾನೆ. ಕೇಳಿದ್ರೆ ನಿನಗೂ ಕಣ್ಣಲ್ಲಿ ನೀರು ಬರುತ್ತೆ” ಅಂದೆ. ಅವನು ಫೋನಿನಲ್ಲಿದ್ದವನಿಗೆ “ಒಂದ್ನಿಮ್ಷ ಮಗಾ” ಅಂದು, ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. ಉಳಿದರೆ ಉಳಿಯುವ ಲೆಕ್ಕದಲ್ಲಿ ಬಿಟ್ಟುಹೋಗಲು ನನಗೆ ಮನಸ್ಸಾಗಲಿಲ್ಲ. ಕಂಕುಳಲ್ಲಿ ಇರುಕಿಕೊಂಡು ಆಟೋ ಹತ್ತಿದೆ.

ಮನೆಯ ಗೇಟಿನಲ್ಲೇ ಗೌಡರು ನಿಂತಿದ್ದರು. “ಏನ್ ಮೇಡಂ, ಸ್ಟಾರ್ಟ್ ಆಯ್ತಾ?” ಅಂದರು. ಇಲ್ಲವೆಂದೆ. ಅವರು ಮೀಸೆಯ ತುದಿ ಎಳೆದುಕೊಂಡು, “ಬೇಜಾರ್ ಮಾಡ್ಕೋಬೇಡಿ. ನಾಳೆ ಸಾಯಂಕಾಲ ಕೊನೆ ಸೀನ್ ಕೈಗೆ ಸಿಗ್ಲಿಲ್ಲ ಅಂದ್ರೆ ನಮ್ಮ ಹುಡುಗನ ಆರ್ಕೆಸ್ಟ್ರಾನೇ ಫಿಕ್ಸ್ ಮಾಡ್ಬೇಕಾಗತ್ತೆ. ಅವನಿಗೂ ಬೇರೆ ಕಡೆಯಿಂದ ಕರೀತವ್ರೆ” ಅಂದರು. ಹಾಗಂದವರು ಹೋಗಲಿಲ್ಲ. ತಲೆ ತಗ್ಗಿಸಿ, “ನಂಗೂ ಆಸೆ ಐತೆ ಮೇಡಂ. ಮರ ಕಡಿಯೋಕೆ ಒಪ್ಕೊಂಡ್ಮೇಲೆ ಆ ರಾಮಣ್ಣ ಏನ್ ಮಾಡ್ತಾನೆ ಅಂತ ನಮ್ಮನೆಯವ್ಳು ದಿನಾ ಕೇಳ್ತಾಳೆ. ಏನ್ ಹೇಳ್ಲಿ?” ಅಂದರು. ಆರ್ಕೆಸ್ಟ್ರಾದ ಮಾತಿಗೆ ಬಂದ ಸಿಟ್ಟು ಈ ಮಾತಿಗೆ ಇಳಿದುಹೋಯಿತು. “ನಾಳೆ ಮಧ್ಯಾಹ್ನ ಬನ್ನಿ ಗೌಡ್ರೇ, ನಾನೇ ಓದಿ ಹೇಳ್ತೀನಿ. ಇದನ್ನ ಏಳಿಸ್ದೆ ಬಿಡಲ್ಲ” ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಏಳಿಸುವುದು ಹೇಗೆ ಎಂದು ಯೋಚಿಸುತ್ತಾ ಒಳಗೆ ಹೋದೆ.

ಭಾನುವಾರ ಬೆಳಿಗ್ಗೆ ಬೇರೆ ದಾರಿಯಿಲ್ಲದೆ ಮತ್ತೆ ಅತ್ತೆಯ ಮೇಲೇ ಅನುಮಾನ ತಿರುಗಿಸಿದೆ. ನೀರಿನ ಆರೋಪವನ್ನು ಅವರು ಒಪ್ಪಿರಲಿಲ್ಲವಲ್ಲ, ಸಾಕ್ಷಿ ಬೇಕಿತ್ತು. ಪೂಜೆಯ ದಿನ ಯಜಮಾನರು ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದು ನೆನಪಾಯಿತು. ಎಷ್ಟು ನೀರು ಹಾಕಿದ್ದಾರೆ, ಎಲ್ಲಿಗೆ ಹಾಕಿದ್ದಾರೆ ನೋಡಿಯೇಬಿಡೋಣ ಎಂದು ಕನ್ನಡಕ ಏರಿಸಿ ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದೆ. ಅತ್ತೆಯ ಕೈ ಲ್ಯಾಪ್‌ಟಾಪಿನ ಮೇಲೆ ಎರಡು ಹನಿಯಷ್ಟೇ ಚಿಮುಕಿಸುತ್ತಿತ್ತು, ಅದೂ ಮುಚ್ಚಳದ ಮೇಲೆ. ಮುಂದಿನ ಫೋಟೋದಲ್ಲಿ ಇನ್ನೊಂದು ಕೈ. ಉಂಗುರಬೆರಳಿನ ತುದಿಯಲ್ಲಿ ಒಂದು ಗುಡ್ಡೆ ಕುಂಕುಮ. ಆ ಬೆರಳು ಲ್ಯಾಪ್‌ಟಾಪಿನ ಪಕ್ಕೆಯಲ್ಲಿ ಚಾರ್ಜರು ಚುಚ್ಚುವ ತೂತಿಗೆ ಸರಿಯಾಗಿ ಬೊಟ್ಟಿಡುತ್ತಿತ್ತು. ಯಾರ ಕೈ ಇದು, ಇಷ್ಟು ಬುದ್ಧಿಗೇಡಿ ಯಾರು ಎಂದು ಇನ್ನಷ್ಟು ದೊಡ್ಡದು ಮಾಡಿದೆ. ಮಣಿಕಟ್ಟಿನಲ್ಲಿ ನೀಲಿ ಪಟ್ಟಿಯ ವಾಚು, ಅದರ ಪಕ್ಕ ಹೋಳಿಗೆ ಹೆಂಚು ತಗುಲಿದ ಸುಟ್ಟಗಾಯ. ಎರಡೂ ಈಗ ಫೋಟೋ ನೋಡಲು ಫೋನು ಹಿಡಿದಿದ್ದ ನನ್ನ ಕೈಯಲ್ಲೇ ಇದ್ದವು.

ಆಮೇಲೆ ಎಲ್ಲ ನೆನಪಾಯಿತು. ಒಣ ಕುಂಕುಮ ಯಂತ್ರಗಳ ಮೇಲೆ ನಿಲ್ಲುವುದಿಲ್ಲ ಎಂದು ಕೊಬ್ಬರಿ ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದವಳು ನಾನೇ. ಯಂತ್ರಕ್ಕೆ ಅನ್ನ ಹೋಗುವ ಬಾಯಿಗೆ ಬೊಟ್ಟಿಡಬೇಕು ಅನ್ನುವುದು ನನ್ನ ತವರಿನ ಪದ್ಧತಿ. ಹಿಟ್ಟಿನ ಗಿರಣಿಗಾದರೆ ಕಾಳು ಸುರಿಯುವ ಬಾಯಿಗೆ, ಸ್ಕೂಟರಿಗಾದರೆ ಪೆಟ್ರೋಲ್ ಮುಚ್ಚಳಕ್ಕೆ. ಲ್ಯಾಪ್‌ಟಾಪಿಗೆ ಅನ್ನ ಕರೆಂಟಲ್ಲವೇ, ಅದರ ಬಾಯಿ ಎಲ್ಲಿದೆ ಎಂದು ಹುಡುಕಿ ಹುಡುಕಿ ಇಟ್ಟಿದ್ದೆ. ಆಮೇಲೆ ಗಳಿಗೆಗೊಮ್ಮೆ ಚಾರ್ಜರು ಚುಚ್ಚಿ ಚುಚ್ಚಿ ಅದನ್ನು ಒಳಕ್ಕೆ ತುರುಕಿದವಳೂ ನಾನೇ. ಅಂಗಡಿಯವನೂ ತನ್ನ ಪಾಲಿನ ಎರಡು ಗುದ್ದು ಹಾಕಿದ್ದ. ಪೂಜೆಯ ಕುಂಕುಮವಾದ್ದರಿಂದ ಯಾರೂ ಅದರ ತಂಟೆಗೆ ಹೋಗಿರಲಿಲ್ಲ.

ನನಗೆ ನಾಚಿಕೆಗಿಂತ ಹೆಚ್ಚಾಗಿ ಹುರುಪು ಬಂತು. ಚಾರ್ಜರು ಕಿತ್ತಿಟ್ಟು, ಪೊರಕೆಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಕೆಲಸಕ್ಕೆ ಕೂತೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು. “ಹಚ್ಚಿದ ಕುಂಕುಮ ಒರೆಸ್ತಿದೀಯೇನೆ?” ಅಂದರು.

“ಒರೆಸ್ತಿಲ್ಲ ಅತ್ತೆ, ವಿಸರ್ಜನೆ ಮಾಡ್ತಿದೀನಿ. ಗಣಪತಿನೇ ಬಿಡ್ತೀವಂತೆ, ಇದನ್ನ ಬಿಡೋದ್ರಲ್ಲಿ ತಪ್ಪೇನು?”

ಅತ್ತೆ ಕೈಮುಗಿದು, “ಹಂಗಾದ್ರೆ ನಿಧಾನಕ್ಕೆ ಬಿಡು” ಎಂದು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಕೆಂಪು ಕೆಂಪಾಗಿ ಬರುತ್ತಲೇ ಇತ್ತು. ಹತ್ತಿ ಬದಲಾಯಿಸಿದಷ್ಟೂ ಕೆಂಪು. ಸೊಂಟ ನೋಯಿತು, ಅಡಿಗೆ ತಡವಾಯಿತು, ಯಜಮಾನರು ತಾವೇ ಅವಲಕ್ಕಿ ಕಲಸಿಕೊಂಡು ನಮಗೂ ತಂದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಹತ್ತಿ ಬೆಳ್ಳಗೆ ಹೊರಬಂತು. ಚೆನ್ನಾಗಿ ಒಣಗಲು ಬಿಟ್ಟೆ. ಅಷ್ಟರಲ್ಲಿ ಗೌಡರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದೇಬಿಟ್ಟರು. ಎಲ್ಲರೂ ಸುತ್ತ ನಿಂತರು. ಚಾರ್ಜರು ಚುಚ್ಚಿ ಗುಂಡಿ ಒತ್ತಿದೆ. ಸಣ್ಣ ದೀಪ ಹತ್ತಿತು, ಫ್ಯಾನು ತಿರುಗಿತು, ಒಂದು ಅಕ್ಕಿಕಾಳು ಪಕ್ಕದಿಂದ ಹೊರಕ್ಕೆ ಬಿತ್ತು. ನಾನು ಅತ್ತೆಯನ್ನು ತಬ್ಬಿಕೊಂಡೆ. ಅವರ ಮೇಲೆ ಇಷ್ಟು ದಿನ ಹೊರಿಸಿದ್ದನ್ನೆಲ್ಲ ಆ ತಬ್ಬುವುದರಲ್ಲೇ ಮುಗಿಸಿಬಿಡುವ ಆಸೆಯಿತ್ತು. “ಸಾಕು ಬಿಡೇ, ಮೊದ್ಲು ಓದು” ಅಂದರು.

ಗೌಡರು ಎದುರಿನ ಸೋಫಾದಲ್ಲಿ ಕೈಕಟ್ಟಿ ಕೂತರು. ಅತ್ತೆ ಅವರ ಪಕ್ಕ. ಯಜಮಾನರು ನನ್ನ ಕುರ್ಚಿಯ ಹಿಂದೆ, ಸ್ವಿಚ್‌ಬೋರ್ಡಿನ ಹತ್ತಿರ ನಿಂತರು. ನಾಟಕದ ಫೈಲು ತೆರೆದೆ. ಒಂದನೇ ದೃಶ್ಯ, ಎರಡನೇ ದೃಶ್ಯ, ಮೂರನೇ ದೃಶ್ಯ. ಅದಾದ ಮೇಲೆ ಹೀಗಿತ್ತು:

“ಕೊನೆಯ ದೃಶ್ಯ. ಸಂಜೆ. ಮರದ ಕೆಳಗೆ ರಾಮಣ್ಣ ಒಬ್ಬನೇ. ಇಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರಬೇಕು. ಹಬ್ಬದ ಕೆಲಸ ಮುಗಿಸಿ ಬರೆಯುವುದು.”

ಕೆಳಗೆ ಸರಿಸಿದೆ. ಬಿಳಿ ಹಾಳೆ. ಇನ್ನೂ ಕೆಳಗೆ ಸರಿಸಿದೆ. ಇನ್ನೂ ಬಿಳಿ. ಹೋಳಿಗೆ ತಟ್ಟುವಾಗ, ಬಟ್ಟೆ ಮಡಿಸುವಾಗ ಆ ದೃಶ್ಯವನ್ನು ಎಷ್ಟು ಸಲ ಕಂಡಿದ್ದೆನೆಂದರೆ ಅದನ್ನು ಬರೆದೇ ಇಲ್ಲ ಅನ್ನುವುದು ಮನಸ್ಸಿಗೆ ಹೊಳೆದಿರಲೇ ಇಲ್ಲ. ನಾಲ್ಕು ಪುಟ ಎಂದು ಊರೆಲ್ಲ ಹೇಳಿಕೊಂಡು ಬಂದಾಗಲೂ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿರಲಿಲ್ಲ.

“ಓದಿ ಮೇಡಂ” ಅಂದರು ಗೌಡರು.

ನಾನು ಸೋಲೊಪ್ಪುವ ಪೈಕಿಯವಳಲ್ಲ. ಗಂಟಲು ಸರಿಮಾಡಿಕೊಂಡು, ಬಿಳಿ ಹಾಳೆಯ ಮೇಲೆ ಕಣ್ಣು ನೆಟ್ಟು ಓದಲು ಶುರುಮಾಡಿದೆ. ರಾಮಣ್ಣ ಮರಕ್ಕೆ ಒರಗಿ ನಿಲ್ಲುತ್ತಾನೆ, ಅದರ ಮೈಮೇಲೆ ಕೈಯಾಡಿಸುತ್ತಾನೆ ಅಂದೆ. ಆಮೇಲೆ ರಾಮಣ್ಣನ ಮಾತು ಎಲ್ಲಿಂದಲೋ ಬಂತು. “ನಿನ್ನ ಕಾಯಿ ಆಚೆ ಬಿದ್ದಾಗೆಲ್ಲ ಅವನ ಮನೆ ಬಾಗಿಲು ಬಡಿದು ಜಗಳ ಆಡ್ದೆ. ಅವನು ಬೈದ, ನಾನು ಬೈದೆ. ಅವನ ಹೆಂಡ್ತಿ ತೀರ್ಕೊಂಡ್ಮೇಲೂ ಬಾಗಿಲು ಬಡಿದೆ. ಅವತ್ತು ಅವನು ಬೈಲಿಲ್ಲ, ಒಳಗೆ ಬಾ ಅಂದ. ಕಾಯಿ ಕೊಟ್ಟ, ಕಾಫಿನೂ ಕೊಟ್ಟ. ನಾಳೆ ನಿನ್ನ ಕಡಿದುಬಿಡ್ತಾರೆ. ಆಮೇಲೆ ಏನು ನೆವ ಹೇಳಿ ಆ ಬಾಗಿಲು ಬಡೀಲಿ ನಾನು?”

ನಿಲ್ಲಿಸಿ ತಲೆಯೆತ್ತಿದೆ. ಅತ್ತೆ ಸೆರಗು ಮೂಗಿಗೆ ಹಿಡಿದಿದ್ದರು. ಗೌಡರು ಕನ್ನಡಕ ತೆಗೆದು ಇಸ್ತ್ರಿ ಮಾಡಿದ ಶರಟಿನ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಎದೆ ಉಬ್ಬಿತು. ಉಬ್ಬಿದ ಎದೆ ಹಾಗೇ ಇರಲಿಲ್ಲ, ಯಾಕೆಂದರೆ ಗೌಡರು ಕನ್ನಡಕ ಹಾಕಿಕೊಂಡು ಜೇಬಿನಿಂದ ಫೋನು ತೆಗೆದರು. “ಆರ್ಕೆಸ್ಟ್ರಾ ಕ್ಯಾನ್ಸಲ್ ಮೇಡಂ. ಇನ್ನೊಂದ್ಸಲ ಅದೇ ಥರ ಓದಿ, ರೆಕಾರ್ಡ್ ಮಾಡ್ಕೋತೀನಿ. ಒಂದಕ್ಷರ ಆಚೀಚೆ ಆಗ್ಬಾರ್ದು” ಅಂದರು. “ಇಲ್ಲಾಂದ್ರೆ ಇಂಗ್ ತಿರುಗ್ಸಿ, ಸ್ಕ್ರೀನಿಂದೇ ಒಂದು ಫೋಟೋ ಹೊಡ್ಕೊಂಬಿಡ್ತೀನಿ” ಎಂದು ಸೋಫಾದಿಂದ ಏಳತೊಡಗಿದರು.

ಈಗ ಓದಿದ್ದರ ಮೊದಲ ಮಾತು ಏನಿತ್ತೆಂದು ಹುಡುಕಿದೆ. ಬಾಗಿಲು ಅನ್ನುವುದೊಂದು ಬಿಟ್ಟರೆ ಏನೂ ಸಿಗಲಿಲ್ಲ. ಗೌಡರು ಟೀಪಾಯಿ ದಾಟಿ ನನ್ನ ಕಡೆಗೆ ಬರುತ್ತಿದ್ದರು. ಅಷ್ಟರಲ್ಲಿ ಪರದೆ ಒಮ್ಮೆಲೇ ಕಪ್ಪಗಾಯಿತು.

“ಅಯ್ಯೋ, ಮತ್ತೆ ಹೋಯ್ತಲ್ಲ” ಅಂದರು ಹಿಂದಿನಿಂದ ನಮ್ಮ ಯಜಮಾನರು, ಎಂದಿನ ತಣ್ಣನೆಯ ದನಿಯಲ್ಲಿ. ತಿರುಗಿ ನೋಡಿದೆ. ಚಾರ್ಜರಿನ ಪ್ಲಗ್ಗು ಅವರ ಕೈಯಲ್ಲಿತ್ತು, ಕೈ ಬೆನ್ನ ಹಿಂದಿತ್ತು. ಎಷ್ಟು ಹೊತ್ತಿನಿಂದ ಅವರು ನನ್ನ ಹೆಗಲ ಮೇಲಿಂದ ಆ ಬಿಳಿ ಹಾಳೆಯನ್ನು ನೋಡುತ್ತಿದ್ದರೋ.

“ಇನ್ನೊಂಚೂರು ಕುಂಕುಮ ಉಳ್ಕೊಂಡಿರ್ಬೇಕು ಗೌಡ್ರೇ” ಎಂದು ಅವರು ಗೌಡರ ಹೆಗಲ ಮೇಲೆ ಕೈಹಾಕಿದರು. “ಒಬ್ಬಳೇ ಕೂತ್ರೆ ಇವಳು ಸಾಯಂಕಾಲದೊಳಗೆ ತೆಗೀತಾಳೆ. ಬನ್ನಿ, ನಾವು ಹೊರಗೆ ಕೂರೋಣ. ಅಮ್ಮಾ, ನೀನೂ ಬಾ.” ಅತ್ತೆಯನ್ನು ಮುಂದೆ ಕಳಿಸಿ, ಗೌಡರನ್ನು ಅವರ ಹಿಂದೆ ಕಳಿಸಿ, ತಾವು ಒಂದು ಗಳಿಗೆ ನಿಂತು ಜೇಬಿನ ಪೆನ್ನು ತೆಗೆದು ಕೀಬೋರ್ಡಿನ ಮೇಲೆ ಇಟ್ಟರು. ಹಳೆಯ ಕ್ಯಾಲೆಂಡರಿನ ಎರಡು ಹಾಳೆ ಹರಿದು, ಹಿಂಬದಿ ಮೇಲೆ ಮಾಡಿ ಪಕ್ಕದಲ್ಲಿಟ್ಟರು. “ಬಾಗಿಲು, ಕಾಫಿ, ನೆವ” ಎಂದು ಮೆಲ್ಲಗೆ ನೆನಪಿಸಿದರು. ಆಮೇಲೆ ಚಾರ್ಜರನ್ನು ನೀಟಾಗಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು, ಬಾಗಿಲು ಎಳೆದುಕೊಂಡು ಹೋದರು. ಅದನ್ನು ಬಿಟ್ಟುಹೋದರೆ ನಾನು ಬರೆಯುವುದು ಬಿಟ್ಟು ಮತ್ತೆ ರಿಪೇರಿಗೆ ಕೂರುತ್ತೇನೆಂದು ಅವರಿಗೆ ಗೊತ್ತು.